ಅಂಜುಗಂ ಕಟ್ಟಿಸಿದ ಹೊಟ್ಟೆ

ವಿಜಯದಶಮಿ ಕಳೆದ ನಾಲ್ಕನೆಯ ಬೆಳಿಗ್ಗೆ ಅಂಜುಗಂ ಸ್ಕೂಟರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಎಂದಿನಂತೆ ಮೊದಲು ಮೇಲಕ್ಕೆ ನೋಡಿದಳು. ಹೊಟ್ಟೆಯ ಪಕ್ಕದ ಎತ್ತರದ ಕೊಳವೆಯ ಬಾಯಲ್ಲಿ ಬೆಂಕಿ ಇರಲಿಲ್ಲ. ಗಾಳಿಗೆ ಆರಿರಬಹುದು ಅಂದುಕೊಂಡಳು. ಅಷ್ಟರಲ್ಲಿ ಅವಳ ಅಣ್ಣ ಮಾಸಿಲಾಮಣಿ ಕಬ್ಬಿಣದ ಮೆಟ್ಟಿಲು ಇಳಿದು ಬಂದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹಣೆಗೆ ವಿಭೂತಿ ಎಲ್ಲ ಸರಿಯಾಗಿಯೇ ಇತ್ತು. ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದವನ ಹಾಗಿತ್ತು.

"ಮೂರು ಸಲ ಹಚ್ಚಿದೆ ಅಮ್ಮಿಣಿ, ಹತ್ತಲ್ಲ. ವಾಸನೆ ಬೇರೆ ಹುಳಿ ಹುಳಿ ಬರ್ತೈತೆ," ಅಂದ. ತಂಗಿಯನ್ನು ಅವನು ಕರೆಯುತ್ತಿದ್ದದ್ದು ಅಮ್ಮಿಣಿ ಎಂದೇ.

ಬೆಂಕಿ ಆರಿದರೆ ಮತ್ತೆ ಹಚ್ಚಬಹುದು. ಹೊಟ್ಟೆ ಹುಳಿತರೆ ಒಳಗಿನ ಜೀವ ಹೋಗುತ್ತಿದೆ ಎಂದೇ ಅರ್ಥ.

ಹೊಟ್ಟೆ ಎಂದರೆ ಏನೆಂದು ನಮ್ಮ ಕರುಮಾಪಾಳೆಯಂನಲ್ಲಿ ಯಾರೂ ಕೇಳುವುದಿಲ್ಲ. ಊರಿನ ಆರು ಕಡೆ ಚರಂಡಿ ನೀರನ್ನು ಸೋಸುವ ತೊಟ್ಟಿಗಳಿವೆ. ನೀರು ತಿಳಿಯಾಗಿ ಕಾಲುವೆಗೆ ಹೋದ ಮೇಲೆ ತಳದಲ್ಲಿ ಕರ್ರಗೆ, ಗಟ್ಟಿ ಅಂಬಲಿಯ ಹಾಗೆ ಗಸಿ ಉಳಿಯುತ್ತದೆ. ಆರೂ ಕಡೆಯ ಗಸಿಯನ್ನು ಟ್ಯಾಂಕರ್ ಲಾರಿಗಳಲ್ಲಿ ತಂದು, ಊರಾಚೆಯ ಒಂದೇ ದೊಡ್ಡ ಮುಚ್ಚಿದ ತೊಟ್ಟಿಗೆ ತುಂಬಿ, ಬೆಚ್ಚಗಿಟ್ಟು, ಕಣ್ಣಿಗೆ ಕಾಣದ ಹುಳಗಳಿಂದ ತಿಂಗಳೊಪ್ಪತ್ತು ತಿನ್ನಿಸುತ್ತಾರೆ. ತಿಂದದ್ದರಲ್ಲಿ ಅರ್ಧ ಗ್ಯಾಸಾಗಿ ಉರಿದುಹೋಗುತ್ತದೆ. ಉಳಿದದ್ದು ವಾಸನೆಯಿಲ್ಲದ ಮಣ್ಣಾಗಿ ಹೊರಬೀಳುತ್ತದೆ, ರೈತರು ಸಾಲು ನಿಂತು ಹೊತ್ತೊಯ್ಯುತ್ತಾರೆ. ಕಡತದಲ್ಲಿ ಇದಕ್ಕೊಂದು ಉದ್ದನೆಯ ಹೆಸರಿದೆ. ಕೆಲಸದವರು ಮೊದಲ ದಿನದಿಂದಲೂ ಹೊಟ್ಟೆ ಅಂದರು, ಅದನ್ನು ಕಟ್ಟಿಸಿದ ಎಂಜಿನಿಯರಮ್ಮ ಅಂಜುಗಂ ಬಾಯಲ್ಲೂ ಅದೇ ನಿಂತಿತು.

ಎಂಜಿನಿಯರಮ್ಮ ಹುಟ್ಟಿದ್ದು ಗಸಿಯ ಪಾತಿಗಳ ಪಕ್ಕದ ಕಾಲನಿಯಲ್ಲಿ. ಹೊಟ್ಟೆ ಬರುವುದಕ್ಕೆ ಮೊದಲು ಗಸಿಯನ್ನು ಮರಳಿನ ಪಾತಿಗಳಲ್ಲಿ ಹರವಿ ಬಿಸಿಲಿಗೆ ಬಿಡುತ್ತಿದ್ದರು. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಅಡಿಯಲ್ಲಿ ಮೊಣಕಾಲುದ್ದ ಹಸಿ ಇರುತ್ತಿತ್ತು. ಅದನ್ನು ಸಲಿಕೆಯಿಂದ ಕೆರೆದು ಬುಟ್ಟಿ ತುಂಬಿ ಹೊರುವ ಕೆಲಸ ಕಾಲನಿಯ ಗಂಡಸರದು. ಬೇರೆ ಬೀದಿಯ ಒಬ್ಬ ಗಂಡಸೂ ಆ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ನಮ್ಮ ಊರು ಕಂಡಿಲ್ಲ, ಅದರ ಬಗ್ಗೆ ನಾಚಿಕೊಂಡದ್ದನ್ನೂ ಕಂಡಿಲ್ಲ. ಅಪ್ಪ ಕಾಮಾಲೆಯಲ್ಲಿ ಹೋದಾಗ ಮಾಸಿಲಾಮಣಿಗೆ ಹದಿನೈದು, ಅಂಜುಗಂಗೆ ಒಂಬತ್ತು. ಅವನು ಶಾಲೆ ಬಿಟ್ಟು ಅಪ್ಪನ ಸಲಿಕೆ ಹಿಡಿದ. ಮೂವತ್ತಾರು ವರ್ಷ ಪಾತಿಯಲ್ಲಿ ನಿಂತ. ಕಾಲಿನ ಉಗುರುಗಳು ಒಂದೊಂದಾಗಿ ಉದುರಿದವು, ಪಾದದ ಚರ್ಮ ಬಿರಿದು ಹುಣಸೆಕಾಯಿ ಸಿಪ್ಪೆಯಂತಾಯಿತು. ತಂಗಿ ಡಿಪ್ಲೊಮಾ ಓದಿದಳು, ನಗರಸಭೆ ಸೇರಿದಳು, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದಳು. ಆಮೇಲೆ ಹನ್ನೊಂದು ವರ್ಷ ಒಂದೇ ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು.

ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಅಲ್ಲಲ್ಲಿನ ಗಸಿ ಅಲ್ಲಲ್ಲೇ ಇರಲಿ, ಒಂದೇ ಕಡೆ ತಂದು ಗುಡ್ಡೆ ಹಾಕುವುದೇಕೆ? ಊರಿನ ಹೊಲಸನ್ನೆಲ್ಲ ಕೂಡಿಹಾಕುವ ಹರಕೆ ಹೊತ್ತಿದ್ದೀಯಾ ತಾಯಿ ಎಂದು ಒಬ್ಬ ಸದಸ್ಯರು ಸಭೆಯಲ್ಲೇ ನಗಾಡಿದರು. ಅವಳು ಸಿಟ್ಟಾಗದೆ ಉತ್ತರ ಕೊಟ್ಟಳು. ಆರು ಕಡೆ ಸ್ವಲ್ಪ ಸ್ವಲ್ಪ ಇದ್ದರೆ ಯಾರೂ ನೋಡುವುದಿಲ್ಲ, ಯಂತ್ರವೂ ಬರುವುದಿಲ್ಲ, ನಾಲ್ಕು ಆಳು ಸಲಿಕೆ ಸಾಕು ಅನ್ನುತ್ತೀರಿ. ಒಂದೇ ಕಡೆ ಬಂದರೆ ಪಂಪು, ಬಿಸಿಕೊಳವೆ, ಪರೀಕ್ಷೆಯ ಕೋಣೆ ಎಲ್ಲ ಬರುತ್ತದೆ, ಯಾರ ಕಾಲೂ ಒಳಗಿಳಿಯಬೇಕಾಗಿಲ್ಲ ಎಂದಳು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಹೊಟ್ಟೆ ಬರೆದಿದ್ದಳು. ಮಂಜೂರಾದದ್ದು ಒಂದು. ಅದನ್ನೂ ಬಿಟ್ಟರೆ ಇನ್ನು ಹನ್ನೊಂದು ವರ್ಷ ಎಂದು ಒಂದಕ್ಕೇ ಸಹಿ ಹಾಕಿದಳು.

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಹೊಟ್ಟೆ ಶುರುವಾಯಿತು. ಪಾತಿಗಳಿಗೆ ಬೀಗ ಬಿತ್ತು. ಮೂವತ್ತನಾಲ್ಕು ಗಂಡಸರು ಮೇಲೆ ಬಂದು ಲಾರಿಗೆ, ಪಂಪಿಗೆ, ಕೊಳವೆಗೆ ಹಂಚಿಹೋದರು. ಮಾಸಿಲಾಮಣಿಗೆ ಹೊಟ್ಟೆಯ ಕಾವಲು. ಗಂಟೆಗೊಮ್ಮೆ ಬಿಸಿ ತೋರಿಸುವ ಮುಳ್ಳು ನೋಡಿ ಬರೆಯುವುದು, ಬೆಂಕಿ ನೋಡಿಕೊಳ್ಳುವುದು. ಐವತ್ತು ದಾಟಿದ ಮೇಲೆ ಮೊದಲ ಸಲ ಬೂಟು ಹಾಕಿಕೊಂಡ. ಅವನ ಹೆಂಡತಿ ಮಾರಾತ್ತಾಳ್ ಅದನ್ನು ಕಾಲನಿಗೆಲ್ಲ ತೋರಿಸಿಕೊಂಡು ಬಂದಳು. ಆ ಬೂಟಿನೊಳಗೆ ಕಾಲು ವಾಸಿಯಾಗುತ್ತಿತ್ತು. ಅಂಜುಗಂಗೆ ಬೇರೆ ಬಹುಮಾನ ಬೇಕಿರಲಿಲ್ಲ.

ಈಗ ತಪ್ಪಿನ ವಿಷಯ. ನಮ್ಮ ಕಡೆ ಆಯುಧ ಪೂಜೆ ಎಂದರೆ ಕುಂಕುಮ ಹಚ್ಚಿ ಕಡಲೆಪುರಿ ಹಂಚಿ ಮುಗಿಸುವಂಥದ್ದಲ್ಲ. ಹಿಂದಿನ ಎರಡು ದಿನ ತೊಳೆಯುವುದೇ ತೊಳೆಯುವುದು. ಲೇತ್ ಮೆಷಿನ್ನಿನಿಂದ ಇಡ್ಲಿ ಗಾಡಿಯವರೆಗೆ ಫಳಫಳ ಅನ್ನಬೇಕು, ಇಲ್ಲವಾದರೆ ಪಕ್ಕದವನ ಮುಂದೆ ಮಾನ ಹೋಗುತ್ತದೆ. ಪಾತಿಯವರಿಗೆ ಇಷ್ಟು ದಿನ ಪೂಜೆ ಮಾಡಲು ಸಲಿಕೆ ಬಿಟ್ಟು ಬೇರೆ ಆಯುಧ ಇರಲಿಲ್ಲ. ಈಗ ಪಂಪುಗಳಿದ್ದವು, ಲಾರಿಗಳಿದ್ದವು. ಇದು ಅವರ ಮೊದಲ ಪೂಜೆ. ಅಂಜುಗಂ ಹಿಗ್ಗಿಹೋದಳು. ತಾನೇ ಮಂಡಿಗೆ ಹೋಗಿ ಆರೂ ಕಡೆಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ, ಕ್ಯಾನುಗಟ್ಟಲೆ ಫಿನಾಯಿಲು ಕೊಂಡು ಗಾಡಿಗೆ ಹೇರಿಸಿದಳು. ನಿಮ್ಮ ಮನೆ ತೊಳೆದ ಹಾಗೆ ತೊಳೀರಿ, ಕಡಿಮೆಯಾದರೆ ಕೇಳಿ ಎಂದಳು. ಅವರು ಮನೆಗಿಂತ ಹೆಚ್ಚಾಗಿ ತೊಳೆದರು.

ತೊಳೆದ ನೀರು ಎಲ್ಲಿ ಹೋಗುತ್ತದೆ ಎಂದು ಯೋಚಿಸಬೇಕಾದವಳು ಅವಳೊಬ್ಬಳೇ. ಮೊದಲು ಆ ನೀರು ಬೀದಿಗೆ ಹರಿದು, ಹೆಂಗಸರು ಬಟ್ಟೆ ಒಗೆಯುವ ಕಾಲುವೆ ಸೇರುತ್ತಿತ್ತು. ಅದು ತಪ್ಪಲಿ ಎಂದು ನಕ್ಷೆಯಲ್ಲಿ ಆರೂ ಕಡೆ ನೆಲ ತೊಳೆದ ನೀರನ್ನು ಗಸಿಯ ಗುಂಡಿಗೆ ತಿರುಗಿಸಿದ್ದಳು. ಮೇಲಿನವರು ಆ ಗೆರೆಯನ್ನು ನೋಡಿ ಹೊಗಳಿದ್ದರು. ಬ್ಲೀಚಿಂಗೂ ಫಿನಾಯಿಲೂ ಹುಳ ಕೊಲ್ಲುವುದಕ್ಕೇ ಇರುವ ವಸ್ತುಗಳು. ಅವು ಗುಂಡಿಗಿಳಿದವು. ಪೂಜೆಯೆಂದು ಎರಡು ದಿನ ಲಾರಿಗಳು ಹೂವು ಮುಡಿದು ನಿಂತಿದ್ದವು. ಮೂರನೆಯ ದಿನ ಆರೂ ಕಡೆಯಿಂದ ಮೂರು ದಿನದ ಗಸಿಯನ್ನು ಒಟ್ಟಿಗೆ ತಂದು, ಅಷ್ಟೂ ವಿಷದೊಂದಿಗೆ ಒಂದೇ ಹೊಟ್ಟೆಗೆ ಸುರಿದವು.

ಅಂಜುಗಂ ಪರೀಕ್ಷೆಯ ಕೋಣೆಯಲ್ಲಿ ಹುಳಿಯನ್ನು ಅಳೆದಳು. ಮತ್ತೆ ಅಳೆದಳು. ಕುರ್ಚಿಯಲ್ಲಿ ಕೂತು, ಬಂದ ದಾರಿಯನ್ನು ಒಂದೊಂದಾಗಿ ಹಿಂದಕ್ಕೆ ನಡೆದಳು. ಮಂಡಿಯ ಅಂಗಡಿಗೆ ಬಂದು ಮುಟ್ಟಿದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೂಟೆ ಕೊಟ್ಟವಳು ಅವಳು, ಗೆರೆ ಎಳೆದವಳೂ ಅವಳು. ಬೇರೆ ಯಾರನ್ನಾದರೂ ಬೈದುಕೊಳ್ಳೋಣವೆಂದರೆ ಯಾರೂ ಸಿಗಲಿಲ್ಲ.

ಇದಕ್ಕೆ ಮದ್ದು ಇಲ್ಲದಿಲ್ಲ. ಹೊಟ್ಟೆಗೆ ಉಪವಾಸ ಹಾಕಬೇಕು, ಸುಣ್ಣದ ನೀರು ಕುಡಿಸಬೇಕು, ಬೇರೆ ಊರಿನ ಚೆನ್ನಾಗಿರುವ ಹೊಟ್ಟೆಯಿಂದ ಹೆಪ್ಪು ತಂದು ಹಾಕಬೇಕು, ಕಾಯಬೇಕು. ಆದರೆ ಹೊಟ್ಟೆ ಉಪವಾಸ ಮಾಡಿದರೂ ಊರು ಉಪವಾಸ ಮಾಡುವುದಿಲ್ಲ. ದಿನವೂ ಗಸಿ ಬರುತ್ತಲೇ ಇರುತ್ತದೆ. ಆರೂ ಗುಂಡಿಗಳು ತುಂಬಲು ಹನ್ನೆರಡು ದಿನ. ನಗರಸಭೆಯ ಆಯುಕ್ತರು ಕೆಟ್ಟವರಲ್ಲ, ಎರಡು ಮಾತಿನಲ್ಲಿ ಮುಗಿಸಿದರು. ಹನ್ನೆರಡನೆಯ ದಿನ ಬೆಂಕಿ ಹತ್ತದಿದ್ದರೆ ಪಾತಿಗಳ ಬೀಗ ತೆಗೆಸುತ್ತೇನೆ, ಆಳುಗಳು ಇಳಿಯಬೇಕು. ಮತ್ತೆ, ಇದು ಯಾರ ಕೈಯಿಂದ ಆಯಿತೆಂದು ವಿಚಾರಣೆ ನಡೆಯುತ್ತದೆ, ಮಾಡಿದವರು ಮನೆಗೆ ಹೋಗುತ್ತಾರೆ.

ಸುದ್ದಿ ಕಾಲನಿಗೆ ಅವಳಿಗಿಂತ ಮೊದಲು ತಲುಪಿತ್ತು. ಗಂಡಸರು ಬೇಲಿಯ ಪಕ್ಕ ನಿಂತು ಬೀಗ ಹಾಕಿದ ಪಾತಿಗಳನ್ನು ನೋಡುತ್ತಿದ್ದರು. ಅವುಗಳಲ್ಲಿ ಈಗ ಎಕ್ಕದ ಗಿಡ ಬೆಳೆದಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಮಾರಾತ್ತಾಳ್ ಸಜ್ಜೆಯ ಕೂಳು ಕಲಸಿ ಮುಂದಿಟ್ಟಳು. ಎಷ್ಟು ದಿನ ಎಂದು ಕೇಳಿದಳು. ಹನ್ನೆರಡು ಎಂದಾಗ, ಗಂಡನ ಬೂಟನ್ನು ಬಾಗಿಲ ಬಳಿಯಿಂದ ಎತ್ತಿ ಒಳಗಿಟ್ಟಳು.

ಮುಂದಿನ ದಿನಗಳು ಹೇಗೆ ಕಳೆದವೋ. ಸುಣ್ಣ ಒಮ್ಮೆಗೇ ಹಾಕಿದರೆ ಇನ್ನೂ ಕೆಡುತ್ತದೆಂದು ಗಂಟೆಗಿಷ್ಟು ಎಂದು ಕಲಸಿ ಬಿಟ್ಟರು. ಹೆಪ್ಪಿಗಾಗಿ ಅವಳು ಹತ್ತಿರದ ಮೂರು ಊರುಗಳ ಎಂಜಿನಿಯರುಗಳ ಕಾಲು ಹಿಡಿಯುವುದೊಂದು ಬಾಕಿ. ಇಬ್ಬರು ನಮ್ಮದೇ ಸರಿಯಿಲ್ಲ ಅಂದರು. ಒಬ್ಬರು ನಾಲ್ಕು ಟ್ಯಾಂಕರ್ ಕೊಟ್ಟರು, ಬೇಕಾದದ್ದು ನಲವತ್ತು. ಉಳಿದದ್ದಕ್ಕೆ ಹಸುವಿನ ಸಗಣಿಯೇ ಗತಿಯಾಯಿತು, ಅದರಲ್ಲೂ ಅದೇ ಜಾತಿಯ ಹುಳಗಳಿರುತ್ತವೆ. ಕಾಲನಿಯ ಹೆಂಗಸರು ಹಾಲು ಕರೆಯುವ ಮನೆಗಳಿಗೆಲ್ಲ ಹೋಗಿ ಬುಟ್ಟಿಗಟ್ಟಲೆ ಹೊತ್ತು ತಂದರು. ಮಾಸಿಲಾಮಣಿ ಮನೆಗೇ ಹೋಗಲಿಲ್ಲ. ಹೊಟ್ಟೆಯ ಗೋಡೆಗೆ ಅಂಗೈ ಒತ್ತಿ ಬಿಸಿ ನೋಡುತ್ತಿದ್ದ, ಎದುರಿಗೇ ಮುಳ್ಳಿದ್ದರೂ. ಐದನೆಯ ದಿನ ಹುಳಿ ಇನ್ನೂ ಏರಿತು. ಅಂಜುಗಂ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು.

ಆರನೆಯ ದಿನ ವಿಚಾರಣೆ. ಕೊಯಮತ್ತೂರಿನಿಂದ ವೈದ್ಯಲಿಂಗಂ ಎಂಬ ಪ್ರಾಧ್ಯಾಪಕರು ಬಂದಿದ್ದರು. ಅಂಜುಗಂ ಹಿಂದಿನ ದಿನವೇ ಕಾಗದ ಬರೆದಿಟ್ಟಿದ್ದಳು. ಮೂಟೆ ನಾನು ಕೊಟ್ಟೆ, ಗೆರೆ ನಾನು ಎಳೆದೆ, ಕೆಲಸದವರ ತಪ್ಪೇನೂ ಇಲ್ಲ. ಮೂರೇ ಸಾಲು. ಅದು ಅವಳ ಕೈಚೀಲದಲ್ಲಿತ್ತು. ಕೊಡಬೇಕೆಂದೇ ಬಂದಿದ್ದಳು, ಆ ವಿಷಯದಲ್ಲಿ ನಾನು ಅವಳನ್ನು ಅನುಮಾನಿಸುವುದಿಲ್ಲ.

ಮೊದಲು ಕೆಲಸದವರನ್ನು ಕರೆದರು. ಮಾಸಿಲಾಮಣಿ ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಹೊರಬಂದ. ತಂಗಿಯ ಮುಖ ನೋಡದೆ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತ. ಆಮೇಲೆ ಅವಳ ಸರದಿ. ಪ್ರಾಧ್ಯಾಪಕರು ಕನ್ನಡಕ ಸರಿಮಾಡಿಕೊಂಡು, ಮುಂದಿದ್ದ ಹಾಳೆ ನೋಡಿ ಕೇಳಿದರು.

"ಕಾವಲಿನ ಮಾಸಿಲಾಮಣಿ ಒಂದು ಹೇಳಿಕೆ ಕೊಟ್ಟಿದಾನಮ್ಮ. ಮೇಡಂ ಬರೀ ನೀರಲ್ಲಿ ತೊಳೀರಿ ಅಂದಿದ್ರು, ನಾನೇ ಅವರಿಗೆ ಗೊತ್ತಿಲ್ದಂಗೆ ಬ್ಲೀಚಿಂಗು, ಫಿನಾಯಿಲು ತರಿಸಿ ಆರೂ ಕಡೆ ಹಂಚಿದೆ ಅಂತ. ನಿಜಾನಾ?"

ಆಯುಕ್ತರು ಪೆನ್ನು ಹಿಡಿದು ಕಾಯುತ್ತಿದ್ದರು. ಅಂಜುಗಂ ಕೈಚೀಲದ ಮೇಲೆ ಕೈಯಿಟ್ಟಳು. ಇಲ್ಲ ಅಂದರೆ ಈ ಸಂಜೆಯೇ ತನ್ನನ್ನು ಕಳಿಸುತ್ತಾರೆ. ತಾನಿಲ್ಲದೆ ಹೊಟ್ಟೆಯನ್ನು ಎಬ್ಬಿಸುವವರು ಈ ಊರಲ್ಲಿ ಯಾರೂ ಇಲ್ಲ. ಹೊಟ್ಟೆ ಸತ್ತರೆ ಮೂವತ್ತನಾಲ್ಕು ಜನ ಮತ್ತೆ ಪಾತಿಗಿಳಿಯುತ್ತಾರೆ, ಅಣ್ಣನೂ ಸೇರಿ. ಹೌದು ಅಂದರೆ ಒಬ್ಬನೇ ಹೋಗುತ್ತಾನೆ. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದ ಅಡಿಯಲ್ಲಿ ಭಯವೂ ಇತ್ತು. ಹನ್ನೊಂದು ವರ್ಷ ಹೊತ್ತ ನಕ್ಷೆ, ಮೇಜು, ಬಾಗಿಲಿನ ಮೇಲಿನ ಹೆಸರು, ಅವನ್ನೆಲ್ಲ ಬಿಡುವ ಭಯ. ಎರಡರಲ್ಲಿ ಯಾವುದು ಅವಳ ನಾಲಿಗೆಯನ್ನು ತಿರುಗಿಸಿತೋ ಅವಳಿಗೇ ಗೊತ್ತಾಗಲಿಲ್ಲ.

"ಹೌದು," ಅಂದಳು.

ಹೊರಗೆ ಬಂದಾಗ ಗೋಡೆಯ ಬಳಿ ಅಣ್ಣ ಇರಲಿಲ್ಲ. ಅವನು ಗುತ್ತಿಗೆಯ ಆಳು, ತೆಗೆಯಲು ಒಂದು ಸಾಲು ಸಾಕು. ಮಧ್ಯಾಹ್ನದೊಳಗೆ ಕೀಲಿಗೊಂಚಲು ಬೇರೊಬ್ಬನ ಸೊಂಟದಲ್ಲಿತ್ತು. ಅವನು ಹೊಟ್ಟೆಯ ಬಳಿಗೆ ಬಂದು ಬೂಟು ಬಿಚ್ಚಿ ಗೋಡೆಯ ಪಕ್ಕ ಜೋಡಿಸಿಟ್ಟು ಹೋದನಂತೆ. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಮಂಡಿಗೆ ಹೋದವರು ಯಾರು, ಮೂಟೆ ಇಳಿಸಿದವರು ಯಾರು ಎಂದು ಮೂವತ್ತಮೂರು ಜನಕ್ಕೂ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಅವರಿಗೂ ಅವಳು ಬೇಕಾಗಿದ್ದಳು.

ಆಮೇಲೆ ಅವಳು ದುಡಿದ ರೀತಿ ಊರೇ ನೋಡಿತು. ಊಟ ನಿಂತ ಹಾಗೇ, ಸೀರೆಯ ಮೇಲೆಲ್ಲ ಸುಣ್ಣ. ಯಾರಾದರೂ ಸ್ವಲ್ಪ ಕೂತ್ಕೊಳ್ಳಿ ಅಮ್ಮಾ ಎಂದರೆ ಹರಿದು ತಿನ್ನುವಂತೆ ನೋಡುತ್ತಿದ್ದಳು. ಎಂಟನೆಯ ದಿನ ಹುಳಿ ಏರುವುದು ನಿಂತಿತು. ಒಂಬತ್ತನೆಯ ದಿನ ಇಳಿಯಿತು, ನಂಬಲಾಗದೆ ಮೂರು ಸಲ ಅಳೆದಳು. ಹನ್ನೊಂದನೆಯ ದಿನ ಮಧ್ಯಾಹ್ನ ಹೊಸ ಕಾವಲಿನವನು ಕೊಳವೆಯ ಬಾಯಿಗೆ ಕೊಳ್ಳಿ ಹಿಡಿದ. ಭಗ್ ಎಂದು ಹತ್ತಿತು. ಬಿಸಿಲಿನಲ್ಲಿ ಬೆಂಕಿ ಕಾಣಿಸದೆ ಅದರ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಒಬ್ಬ ಬೂದುಗುಂಬಳ ತಂದು ದೃಷ್ಟಿ ತೆಗೆಯುತ್ತೇನೆ, ಆಮೇಲೆ ಎಲ್ಲ ತೊಳೆದುಬಿಡೋಣ ಎಂದು ಹೊರಟ. ನೀರು ಮುಟ್ಟಿದರೆ ಕೈ ಕಡಿಯುತ್ತೇನೆ ಎಂದು ಅಂಜುಗಂ ಕೂಗಿದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಪಾತಿಗಳ ಬೀಗ ತೆಗೆಯಲಿಲ್ಲ. ಕೊಯಮತ್ತೂರಿನ ಪ್ರಾಧ್ಯಾಪಕರು ವರದಿಯಲ್ಲಿ ಅವಳನ್ನು ಹೊಗಳಿ, ಎರಡನೆಯ ಹೊಟ್ಟೆ ಕಟ್ಟಿಸಬೇಕೆಂದು ಬರೆದರು. ನೆಲ ತೊಳೆದ ನೀರಿನ ಗೆರೆಯನ್ನು ಅವಳು ತಾನೇ ಅಳಿಸಿ, ಬೇರೆ ತೊಟ್ಟಿಗೆ ತಿರುಗಿಸಿದಳು.

ಅಣ್ಣನ ಸುಳಿವನ್ನು ಮಾರಾತ್ತಾಳ್ ಹೇಳಿದ್ದು ದೀಪಾವಳಿಯ ಮುನ್ನಾ ದಿನ, ಬಾಗಿಲಲ್ಲೇ ನಿಂತು, ಒಳಗೆ ಕರೆಯದೆ. ನಾಲ್ಕು ಗಂಟೆ ಬಸ್ ದಾರಿಯಾಚೆ ಬಣ್ಣದ ಕಾರ್ಖಾನೆಗಳ ಗಸಿ ಒಣಗಿಸುವ ಜಾಗವೊಂದಿದೆ, ಅಲ್ಲಿ ಕೆರೆಯುವ ಕೆಲಸ. ಅಂಜುಗಂ ಹೊಸ ಪಂಚೆ, ಅಂಗಿ, ಒಂದು ಡಬ್ಬ ಕಜ್ಜಾಯ ಕಟ್ಟಿಕೊಂಡು ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಒಂದು ವರ್ಷ ತಡೆದುಕೊ, ಹೆಸರು ಬದಲಿಸಿ ಬೇರೆ ಗುತ್ತಿಗೆಯಲ್ಲಿ ತೆಗೆದುಕೊಳ್ಳುತ್ತೇನೆ, ಎರಡನೆಯ ಹೊಟ್ಟೆಯ ಕಾವಲು ನಿನ್ನದೇ. ನೀನು ಮಾಡಿದ್ದರಿಂದ ಮೂವತ್ತಮೂರು ಮನೆ ಉಳಿಯಿತು. ಚೆನ್ನಾಗಿ ಜೋಡಿಸಿಕೊಂಡಿದ್ದಳು.

ಹಬ್ಬವಾದರೂ ಅಲ್ಲಿ ಕೆಲಸ ನಡೆಯುತ್ತಿತ್ತು. ಪಾತಿಯ ತುಂಬ ನೇರಳೆ ಬಣ್ಣದ ಗಸಿ. ನಡುವೆ ಮೊಣಕಾಲವರೆಗೆ ಇಳಿದು ಅಣ್ಣ ಸಲಿಕೆ ಹಾಕುತ್ತಿದ್ದ. ಅವಳನ್ನು ಕಂಡು ದಂಡೆಗೆ ಬಂದ, ಕಾಲೊರೆಸಿಕೊಂಡ. ಬಿರುಕುಗಳಲ್ಲೆಲ್ಲ ಬಣ್ಣ ಕೂತು ಪಾದ ಯಾರದೋ ಎಂಬಂತಿತ್ತು. ಊಟ ಆಯಿತಾ ಎಂದು ಕೇಳಿದ. ಹೊಟ್ಟೆ ಹೇಗಿದೆ, ಬಿಸಿ ಎಷ್ಟು ನಿಂತಿದೆ ಎಂದು ಕೇಳಿದ. ಚೆನ್ನಾಗಿದೆ ಎಂದಾಗ ಅವನ ಮುಖ ನಿಜವಾಗಿಯೂ ಅರಳಿತು. ಅದನ್ನು ನೋಡಿ ಅವಳಿಗೆ ಧೈರ್ಯ ಬಂತು. ಜೋಡಿಸಿಕೊಂಡ ಮಾತನ್ನು ತೆಗೆದಳು. ನನ್ನನ್ನು ಉಳಿಸಲು ನೀನು ತಲೆ ಕೊಟ್ಟೆ ಅಣ್ಣಾ, ಜನ್ಮದಲ್ಲಿ ಮರೆಯುವುದಿಲ್ಲ ಎಂದಳು.

ಮಾಸಿಲಾಮಣಿ ಸಲಿಕೆಯ ಹಿಡಿಗೆ ಮೆತ್ತಿದ್ದ ಗಸಿಯನ್ನು ಒರೆಸಿದ.

"ತಲೆ ಕೊಡಾಕೆ ಹೇಳ್ಲಿಲ್ಲ ಅಮ್ಮಿಣಿ," ಅಂದ. "ಅಣ್ಣ ಆದೋನು ಒಂದ್ ಮಾತು ಅನ್ಬೇಕು, ಅಂದೆ. ನೀನು ಒಳಗೆ ಹೋಗಿ ಇಲ್ಲ ಅಂತೀಯ ಅಂದ್ಕೊಂಡಿದ್ದೆ. ಬಾಗ್ಲಲ್ಲೇ ನಿಂತಿದ್ದೆ, ಕೇಳ್ಸಿಕೊಳ್ಳಾಕೆ."

ಬಟ್ಟೆಯ ಗಂಟನ್ನೂ ಡಬ್ಬವನ್ನೂ ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ದಂಡೆಯ ಮೇಲೆ, ಗಸಿ ತಾಗದ ಜಾಗ ನೋಡಿ ಇಟ್ಟ. ಕಡೇ ಬಸ್ಸು ನಾಲ್ಕಕ್ಕೆ, ತಪ್ಪಿಸಿಕೊಳ್ಳಬೇಡ ಎಂದು ಹೇಳಿ ಮತ್ತೆ ಪಾತಿಗಿಳಿದ.